ಏಳುವ ಚೆಂಡನ್ನು ಮುಟ್ಟಬಾರದು

ನನ್ನ ಅಳಿಯನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಬಹಳ ವರ್ಷ ಮಾತು ತೇಲಿಸಿಬಿಡುತ್ತಿದ್ದೆ. ಈಗ ಆ ಸಂಕೋಚವನ್ನೆಲ್ಲ ಬಿಟ್ಟಿದ್ದೇನೆ, ಹೇಳಿಬಿಡುತ್ತೇನೆ: ಅವನು ಚೆಂಡು ಬೀಳಿಸುತ್ತಾನೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಊಟದ ಡಬ್ಬಿ ಹಿಡಿದುಕೊಂಡು, ಬಸ್ಸು ಬದಲಾಯಿಸಿ ಕಾರ್ಖಾನೆಗೆ ಹೋಗಿ, ಒಂದು ಪುಟ್ಟ ಏಣಿ ಹತ್ತಿ ನಿಂತು, ಚೆಂಡು ಬೀಳಿಸುತ್ತಾನೆ. ಇದಕ್ಕೆ ಭೌತಶಾಸ್ತ್ರದಲ್ಲಿ ಡಿಗ್ರಿ ಬೇರೆ ಮಾಡಿದ್ದಾನೆ.

ಅದು ಆಟದ ಚೆಂಡುಗಳನ್ನು ತಯಾರಿಸುವ ಕಾರ್ಖಾನೆ. ಅಲ್ಲಿ ಪರೀಕ್ಷೆ ಕೋಣೆ ಎಂದು ಒಂದಿದೆ. ನೆಲದ ಮೇಲೆ ದಪ್ಪ ಉಕ್ಕಿನ ಹಲಗೆ, ಗೋಡೆಯ ಮೇಲೆ ಸೆಂಟಿಮೀಟರ್ ಗೆರೆ ಎಳೆದ ಪಟ್ಟಿ. ಟೆನಿಸ್ ಚೆಂಡು, ಬ್ಯಾಸ್ಕೆಟ್‌ಬಾಲು, ಗಾಲ್ಫ್ ಚೆಂಡು, ಪಿಂಗ್‌ಪಾಂಗ್ ಚೆಂಡು ಎಲ್ಲವನ್ನೂ ಅದರದರ ಎತ್ತರದಿಂದ ಬಿಡುವುದು, ಪುಟಿದು ಎಷ್ಟು ಮೇಲೆ ಬಂತು ಎಂದು ನೋಡಿ ಗಟ್ಟಿಯಾಗಿ ಕೂಗುವುದು. ಕಡಿಮೆ ಪುಟಿದರೂ ಚೆಂಡು ರದ್ದು, ಜಾಸ್ತಿ ಪುಟಿದರೂ ರದ್ದು. ಈ ಕೆಲಸಕ್ಕೆ ಎರಡೇ ಕಾನೂನು. ಬಿಡುವಾಗ ಚೆಂಡನ್ನು ತಳ್ಳಬಾರದು, ಬೆರಳು ತೆರೆಯಬೇಕು ಅಷ್ಟೆ. ಏಳುವ ಚೆಂಡನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಮುಟ್ಟಿದರೆ ಲೆಕ್ಕ ಕೆಟ್ಟುಹೋಗುತ್ತದೆ.

ಹಾಳಾಗಿ ಹೋಗಲಿ, ಕಾರ್ಖಾನೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ. ಆದರೆ ಈ ಪುಣ್ಯಾತ್ಮ ಕಾನೂನನ್ನು ಮನೆಗೂ ತಂದ. ಅಡುಗೆಮನೆಯಲ್ಲಿ ಲೋಟ ಕೈಜಾರಿದರೆ ಮನುಷ್ಯರಾದವರು ಹಿಡಿಯಲು ಹೋಗುತ್ತಾರೆ. ಇವನು ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು, ಲೋಟ ಬಿದ್ದು ಎದ್ದಾಗ "ಇಪ್ಪತ್ತೆರಡು" ಎನ್ನುತ್ತಾನೆ. ನಾನು ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಾಗ ಓಡಿ ಬಂದು ಎತ್ತಿದ, ಇಲ್ಲ ಎನ್ನುವುದಿಲ್ಲ. ಆದರೆ ಎತ್ತುವ ಮೊದಲು ಒಂದು ಕ್ಷಣ ನಿಂತು ನೋಡಿದ. ನಾನು ಪುಟಿಯುತ್ತೇನೋ ಎಂದು ಕಾಯುತ್ತಿದ್ದ ಅಂತ ನನಗೆ ಈಗಲೂ ಅನುಮಾನ.

ನಾನು ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು. ಓಡುವ ಬಸ್ಸಿನಲ್ಲಿ ಬ್ರೇಕು ಬಿದ್ದಾಗ ಹಾರಿದ ಚೀಲ, ಮುದುಕರ ಕೋಲು, ಒಮ್ಮೆ ಒಂದು ಜೀವಂತ ಕೋಳಿ, ಎಲ್ಲವನ್ನೂ ಗಾಳಿಯಲ್ಲೇ ಹಿಡಿದ ಕೈ ಇದು. ಇಂಥವಳ ಮನೆಗೆ ಇಂಥ ಅಳಿಯ! ಮಗಳಿಗೆ ಹೇಳಿದರೆ "ಅವರ ಸ್ವಭಾವ ಹಾಗೆ, ಬಿಡಮ್ಮ" ಎಂದು ನಕ್ಕು ಆಸ್ಪತ್ರೆಗೆ ಹೊರಟುಬಿಡುತ್ತಾಳೆ. ಅವಳು ಅಲ್ಲಿ ನರ್ಸು. ಬೀಳುವವರನ್ನು ಹಿಡಿಯದೇ ಇರುವವರು ಇದ್ದರೇ ಅವಳಿಗೆ ಕೆಲಸ, ಅವಳಿಗೇನು!

ಇದೆಲ್ಲ ನನ್ನ ತಲೆನೋವಾಗಿಯೇ ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅದು ಮೊಮ್ಮಗಳಿಗೂ ಹತ್ತಿಕೊಂಡಿತು.

ನಮ್ಮ ಮೊಮ್ಮಗಳನ್ನು ನಾವು ಕರೆಯುವುದು ಬುಗುರಿ ಎಂದು. ಒಂದು ಕಡೆ ನಿಂತವಳಲ್ಲ, ಅದಕ್ಕೆ. ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದವಳೇ ಶೂ ಒಂದು ಮೂಲೆಗೆ, ಬ್ಯಾಗು ಒಂದು ಮೂಲೆಗೆ ಎಸೆದು, ಸೋಫಾದ ಕೆಳಗೆ ತೂರಿಕೊಂಡಳು. ಅವಳು ನಿಜವಾಗಿ ದುಃಖಪಟ್ಟಾಗ ಹೋಗುವ ಜಾಗ ಅದು. ನಾನೂ ನೆಲದ ಮೇಲೆ ಮಲಗಿ ಬಗ್ಗಿ ನೋಡಿದೆ.

"ಏನಾಯ್ತು ಪುಟ್ಟಾ?"

"ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ."

"ಯಾರಾದ್ರೂ ಹೊಡೆದ್ರಾ? ಹೆಸರು ಹೇಳು, ಈಗ್ಲೇ ಬರ್ತೀನಿ."

"ಯಾರೂ ಹೊಡೀಲಿಲ್ಲ ಅಜ್ಜಿ. ನಂಗೆ ಬ್ಯಾಗ್ ಕಾಯೋಕೆ ಹೇಳಿದ್ರು."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ವಿಷಯ ತಿಳಿಯಿತು. ಅವಳ ತರಗತಿಯ ಹುಡುಗಿಯರೆಲ್ಲ ಒಂದ್‌ಪುಟಿ ಎಂಬ ಆಟ ಆಡುತ್ತಾರೆ. ಒಬ್ಬರು ಚೆಂಡು ಎಸೆಯಬೇಕು, ಅದು ನೆಲಕ್ಕೆ ಒಂದು ಸಲ ಬಡಿದು ಏಳಬೇಕು, ಎರಡನೇ ಸಲ ನೆಲ ಮುಟ್ಟುವುದರೊಳಗೆ ಎದುರಿಗಿದ್ದವರು ಹಿಡಿಯಬೇಕು. ನಮ್ಮ ಹುಡುಗಿಯ ಕಡೆಗೆ ಚೆಂಡು ಬಂದಿದೆ. ಇವಳು ಕೈ ಹಿಂದೆ ಕಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣರಳಿಸಿ ನೋಡಿ "ತೊಂಬತ್ತೆಂಟು!" ಎಂದು ಕೂಗಿದ್ದಾಳೆ. ಚೆಂಡು ಪಕ್ಕದಲ್ಲೇ ಹಾದು ಚರಂಡಿಗೆ ಹೋಗಿದೆ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿದೆ. ಟೀಮಿನ ನಾಯಕಿ ಒಬ್ಬಳಿದ್ದಾಳೆ, ಬುಗುರಿ ಅವಳನ್ನು ಉದ್ದಜಡೆ ಎನ್ನುತ್ತಾಳೆ. ಅವಳು ನೀರಿನ ನಲ್ಲಿಯ ಪಕ್ಕ ಎಲ್ಲರ ಬ್ಯಾಗುಗಳನ್ನು ಗುಡ್ಡೆ ಹಾಕಿಸಿ, ಇವಳನ್ನು ಅಲ್ಲಿ ಕೂರಿಸಿ, ಒಂದು ಮಾತು ಹೇಳಿದ್ದಾಳೆ: "ಸ್ಪೋರ್ಟ್ಸ್ ಡೇಗೆ ಅಪ್ಪ ಅಮ್ಮಂದಿರ ಜೊತೆ ಒಂದ್‌ಪುಟಿ ಇದೆ. ಅವತ್ತು ಒಂದೇ ಒಂದು ಚೆಂಡು ಹಿಡಿ, ಟೀಮಿಗೆ ಸೇರಿಸ್ಕೋತೀವಿ. ಇಲ್ಲಾಂದ್ರೆ ವರ್ಷವಿಡೀ ಬ್ಯಾಗ್ ಕಾಯಿ."

ಸೋಫಾದ ಕೆಳಗೆ ಆ ಪುಟ್ಟ ಮೂಗು ಸೊರ್ ಸೊರ್ ಎನ್ನುವುದನ್ನು ಕೇಳಿ ಅವಳನ್ನು ಹೊರಗೆಳೆದು ಮೂಗು ಒರೆಸಿದೆ. ಆಮೇಲೆ ಮೈಯೆಲ್ಲ ಉರಿದುಹೋಯಿತು. ಅಳಿಯ ಕಾರ್ಖಾನೆಯಿಂದ ಬರುವುದನ್ನೇ ಬಾಗಿಲಲ್ಲಿ ನಿಂತು ಕಾದೆ.

"ಅಳಿಯಂದ್ರೇ, ಮಗೂನ ಏನು ಮಾಡಿಟ್ಟಿದ್ದೀರಿ ಗೊತ್ತಾ ನಿಮಗೆ?"

ನಡೆದದ್ದನ್ನೆಲ್ಲ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸುತ್ತ ಕೇಳಿದ. ಕೊನೆಗೆ, "ತೊಂಬತ್ತೆಂಟೇ ಬಂತಾ? ಹಾಗಾದ್ರೆ ಆ ಚೆಂಡಿಗೆ ಗಾಳಿ ಕಮ್ಮಿ ಇದೆ ಅತ್ತೆ" ಎಂದ.

ನಾನು ತಲೆ ಚಚ್ಚಿಕೊಂಡೆ. ಇವನಿಗೆ ಹುಟ್ಟಿದ ಮಗು ಇನ್ನು ಹೇಗಿದ್ದೀತು!

"ಗಾಳಿ ಚೆಂಡಿಗಲ್ಲ, ನಿಮ್ಮ ತಲೆಗೆ ಕಮ್ಮಿ. ಸ್ಪೋರ್ಟ್ಸ್ ಡೇ ದಿವಸ ಇವಳಮ್ಮಂಗೆ ಡ್ಯೂಟಿ ಇದೆ. ಎಸೆಯೋದು ನೀವೇ, ಹಿಡಿಯೋದು ಅವಳು. ನಾಳೆಯಿಂದ ಇಬ್ಬರಿಗೂ ಟ್ರೈನಿಂಗು. ಕೊಡೋಳು ನಾನು."

ಮಾರನೆಯ ದಿನ ಅವನು ಕಾರ್ಖಾನೆಯಿಂದ ರದ್ದಾದ ಚೆಂಡುಗಳ ಒಂದು ಚೀಲವನ್ನೇ ಹೊತ್ತು ತಂದ. ನಮ್ಮದು ಎರಡನೇ ಮಹಡಿಯ ಮನೆ, ಹಾಲ್ ಒಂದೇ ಸ್ವಲ್ಪ ಉದ್ದ. ಕುರ್ಚಿಗಳನ್ನೆಲ್ಲ ಒಂದು ಬದಿಗೆ ತಳ್ಳಿದೆ. ಬುಗುರಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿದೆ, ಅವನನ್ನು ಬಾಗಿಲ ಹತ್ತಿರ.

"ಎಸೀರಿ."

ಅವನು ಟೆನಿಸ್ ಚೆಂಡನ್ನು ಭುಜದ ಎತ್ತರಕ್ಕೆ ಹಿಡಿದು, ಉಸಿರು ಬಿಗಿಹಿಡಿದು, ಬೆರಳು ತೆರೆದ. ಚೆಂಡು ಅವನ ಕಾಲ ಬುಡದಲ್ಲೇ ಬಿದ್ದು ಎದ್ದಿತು. ಬುಗುರಿ ಆ ಕಡೆಯಿಂದ "ಎಂಬತ್ತು!" ಎಂದಳು. ಅವನು "ಎಂಬತ್ತೆರಡು" ಎಂದು ತಿದ್ದಿದ. ಇಬ್ಬರೂ ನನ್ನ ಮುಖ ನೋಡಿದರು, ಸರಿಯಾಯಿತೇ ಎನ್ನುವಂತೆ.

"ಎಸೆಯೋದು ಅಂದ್ರೆ ತಳ್ಳಬೇಕು ಕಣ್ರೀ! ಮುಂದಕ್ಕೆ!"

"ತಳ್ಳೋದಾ?" ಅವನ ಮುಖ ಬಿಳಿಚಿಕೊಂಡಿತು. "ಅತ್ತೆ, ಇಷ್ಟು ವರ್ಷದಲ್ಲಿ ನಾನು ಒಂದು ಚೆಂಡನ್ನೂ ತಳ್ಳಿದವನಲ್ಲ."

ಹೆಮ್ಮೆಯಿಂದ ಹೇಳಿಕೊಳ್ಳುವ ಮಾತೇ ಇದು! ನಾನು ಅವನ ಮೊಣಕೈ ಹಿಡಿದು, ಕೆಟ್ಟುನಿಂತ ಬಸ್ಸನ್ನು ದೂಡುವವಳ ಹಾಗೆ ಹಿಂದಿನಿಂದ ದೂಡಿದೆ. ಚೆಂಡು ಹೋಯಿತು. ಎಲ್ಲಿಗೆ ಹೋಯಿತು ಎನ್ನುವುದು ಬೇಡ, ಆ ಹೂದಾನಿ ನನಗೂ ಇಷ್ಟವಿರಲಿಲ್ಲ. ಅವನು ಮಾತ್ರ ಕಾರ್ಖಾನೆಯ ಮೇಲ್ವಿಚಾರಕ ಎಲ್ಲಾದರೂ ನೋಡಿಬಿಟ್ಟನೇನೋ ಎನ್ನುವಂತೆ ಹಿಂದೆ ತಿರುಗಿ ನೋಡಿದ.

ಹಿಡಿಯುವ ಪಾಠ ಇನ್ನೂ ಕಷ್ಟ. ನಾನೇ ಎಸೆದೆ. ಚೆಂಡು ನೆಲಕ್ಕೆ ತಾಗಿದ ಕೂಡಲೇ ಬುಗುರಿಯ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗುತ್ತಿದ್ದವು. "ಹಿಡ್ಕೊಳ್ಳಿ, ಹಿಡ್ಕೊಳ್ಳಿ!" ಎಂದು ನನ್ನ ಹಳೆಯ ಕಂಡಕ್ಟರ್ ಗಂಟಲಲ್ಲಿ ಕೂಗಿದೆ. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ, ಮಗಳು ಕಿಟಕಿಯ ಸರಳು ಹಿಡಿದುಕೊಂಡಳು. ಚೆಂಡು ಅವರಿಬ್ಬರ ನಡುವೆ ಆರಾಮಾಗಿ ಕುಣಿದುಕೊಂಡು ಹೋಯಿತು.

ಚೀಲದಲ್ಲಿ ಕಪ್ಪಗಿನ ಒಂದು ಪುಟ್ಟ ರಬ್ಬರ್ ಚೆಂಡು ಇತ್ತು. ನೆಲಕ್ಕೆ ಹಾಕಿದೆ. 'ತುಪ್' ಎಂದು ಬಿತ್ತು, ಹೆಚ್ಚುಕಮ್ಮಿ ಅಲ್ಲೇ ಕೂತಿತು.

"ಇದು ಸತ್ತೋಗಿದೆ."

"ಸತ್ತಿಲ್ಲ ಅತ್ತೆ, ತಣ್ಣಗಿದೆ. ಅದು ಸ್ಕ್ವಾಷ್ ಚೆಂಡು. ಆಡೋರು ಮೊದಲು ಗೋಡೆಗೆ ಹೊಡೆದು ಹೊಡೆದು ಬಿಸಿ ಮಾಡ್ಕೋತಾರೆ. ಬಿಸಿಯಾದ್ರೆ ಒಳಗಿನ ಗಾಳಿ ಹಿಗ್ಗುತ್ತೆ, ರಬ್ಬರ್ ಚುರುಕಾಗುತ್ತೆ." ಅವನಿಗೆ ಇಂಥ ಮಾತು ಸಿಕ್ಕರೆ ಮುಗಿಯಿತು, ಕಣ್ಣು ಹೊಳೆಯತೊಡಗುತ್ತವೆ. "ಯಾವ ಚೆಂಡೂ ಬಿಟ್ಟಷ್ಟು ಎತ್ತರಕ್ಕೆ ವಾಪಸ್ ಬರಲ್ಲ ಅತ್ತೆ. ನೆಲಕ್ಕೆ ಬಡಿದಾಗ ಚಪ್ಪಟೆಯಾಗುತ್ತೆ, ಮತ್ತೆ ದುಂಡಗಾಗುವಾಗ ಸ್ವಲ್ಪ ಶಕ್ತಿ ಒಳಗೇ ಬಿಸಿಯಾಗಿ ಉಳಿದುಬಿಡುತ್ತೆ. ಗಾಲ್ಫ್ ಚೆಂಡು ಕಮ್ಮಿ ಉಳಿಸ್ಕೊಳ್ಳುತ್ತೆ, ಈ ಸ್ಕ್ವಾಷ್ ಚೆಂಡು ಹೆಚ್ಚುಕಮ್ಮಿ ಎಲ್ಲಾ ಉಳಿಸ್ಕೊಳ್ಳುತ್ತೆ."

"ನಮ್ಮ ನೆಂಟರ ಥರ ಅನ್ನಿ. ತಗೊಂಡು ಹೋದ ಪಾತ್ರೆ ಪೂರ್ತಿ ವಾಪಸ್ ಬರೋದೇ ಇಲ್ಲ."

ಟೀಗೆ ನೀರು ಕುದಿಯುತ್ತಿತ್ತು. ಆ ಚೆಂಡನ್ನು ಅದರಲ್ಲಿ ಹಾಕಿ, ಚಮಚದಲ್ಲಿ ತೆಗೆದು, ಒರೆಸಿ, ನೆಲಕ್ಕೆ ಬೀಸಿ ಎಸೆದೆ. ಅಯ್ಯಯ್ಯೋ! ಅದಕ್ಕೆ ಮೈಮೇಲೆ ದೆವ್ವ ಬಂದಂತಾಯಿತು. ನೆಲ, ಗೋಡೆ, ಬಲ್ಬು, ಅಲ್ಲಿಂದ ಬಲ್ಬಿನ ಚೂರುಗಳ ಜೊತೆ ಹಾಲಿನ ಪಾತ್ರೆ. ಅವತ್ತು ಯಾರೂ ಟೀ ಕುಡಿಯಲಿಲ್ಲ. ಟೆನಿಸ್ ಚೆಂಡನ್ನು ಬ್ಯಾಸ್ಕೆಟ್‌ಬಾಲಿನ ತಲೆಯ ಮೇಲೆ ಕೂರಿಸಿ ಎರಡನ್ನೂ ಒಟ್ಟಿಗೆ ಬಿಟ್ಟರೆ ದೊಡ್ಡದರ ನೆಗೆತವನ್ನೂ ಚಿಕ್ಕದೇ ಕಸಿದುಕೊಂಡು ಸೂರಿಗೆ ಹಾರುತ್ತದೆ ಎಂದು ತೋರಿಸಲು ಅವನು ಹೊರಟಿದ್ದ. "ತೋರಿಸಿದ್ರೆ ಕಾಲು ಮುರೀತೀನಿ" ಎಂದೆ. ಆದರೂ ತೋರಿಸಿದ. ಎರಡನೇ ಬಲ್ಬೂ ಹೋಯಿತು.

ಆಗ ಬಾಗಿಲು ಬಡಿದ ಸದ್ದು. ಕೆಳಗಿನ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಕ್ಲಿನಿಕ್ ಇಟ್ಟುಕೊಂಡಿದ್ದಾರೆ. ಅವರು ತೋರುಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದರು.

"ಮೇಲೆ ಏನು ಕುಟ್ತಾ ಇದ್ದೀರಿ? ನೀವು ಒಂದೊಂದು ಸಲ ಕುಟ್ಟಿದಾಗ್ಲೂ ನನ್ನ ಪೇಷಂಟು ಬೆಚ್ಚಿಬಿದ್ದು ಬಾಯಿ ಮುಚ್ತಾರೆ. ಒಳಗೆ ನನ್ನ ಬೆರಳಿದೆ ಅನ್ನೋ ಪರಿವೆ ಬೇಡವಾ?"

ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅಳಿಯ ಮುಂದೆ ಬಂದ. "ಡಾಕ್ಟ್ರೇ, ನಿಮ್ಮ ಸೂರಲ್ಲಿ 'ಧಬ್' ಅಂತ ಕೇಳಿಸ್ತಾ, 'ಟಕ್' ಅಂತ ಕೇಳಿಸ್ತಾ?" ಎಂದು ಬಹಳ ಆಸಕ್ತಿಯಿಂದ ಕೇಳಿದ. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ ಮೆಟ್ಟಿಲಿಳಿದು ಹೋದರು.

ಹೀಗೇ ದಿನ ಉರುಳಿದವು. ಬುಗುರಿಯ ಕೈಗಳು ಬೆನ್ನು ಬಿಟ್ಟು ಮುಂದೆ ಬರಲೇ ಇಲ್ಲ. ಬೈದೆ, ಮುದ್ದು ಮಾಡಿದೆ, ಜೇಬಿನಲ್ಲಿ ಕೈ ಇಟ್ಟುಕೊಂಡು ನಿಲ್ಲು ಎಂದೆ. ಆಗ ಜೇಬು ಹರಿಯಿತು. ಒಂದು ಸಂಜೆ ನನಗೇ ಸಾಕುಸಾಕಾಗಿ ನೆಲದ ಮೇಲೆ ಕೂತುಬಿಟ್ಟೆ.

"ಅಲ್ಲಾ ಅಳಿಯಂದ್ರೇ, ಒಂದು ಮಾತು ಕೇಳ್ತೀನಿ. ನೀವು ಅಂಕಿ ಕೂಗಿದ ಮೇಲೆ ಆ ಚೆಂಡು ಏನಾಗುತ್ತೆ?"

"ಏನಾಗುತ್ತೆ ಅಂದ್ರೆ? ಬೀಳುತ್ತೆ. ಉರುಳಿಕೊಂಡು ಬುಟ್ಟಿಗೆ ಹೋಗುತ್ತೆ."

"ಆಗ ಅದನ್ನ ಮುಟ್ಟಬಹುದಾ?"

ಅವನು ಕಣ್ಣು ಕಣ್ಣು ಬಿಟ್ಟ. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ.

"ಅದರ ಬಗ್ಗೆ... ನಿಯಮ ಇಲ್ಲ ಅತ್ತೆ." ತನಗೆ ತಾನೇ ಹೇಳಿಕೊಳ್ಳುವಂತೆ ಮುಂದುವರಿಸಿದ. "ತೀರಾ ಮೇಲೆ ಹೋದಾಗ ಅದು ಒಂದು ಕ್ಷಣ ನಿಲ್ಲುತ್ತೆ. ಮೇಲಕ್ಕೂ ಹೋಗ್ತಿರಲ್ಲ, ಕೆಳಕ್ಕೂ ಬರ್ತಿರಲ್ಲ. ಅಲ್ಲಿ ಅದಕ್ಕೆ ವೇಗವೇ ಇರಲ್ಲ."

"ನಿಲ್ಲುತ್ತಾ? ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀವು? ನಿಂತ ಬಸ್ಸು ಹತ್ತೋಕೆ ಏನ್ ಕಷ್ಟ! ಬುಗುರೀ, ಬಾ ಇಲ್ಲಿ. ಅಂಕಿ ಕೂಗು, ಬೇಡ ಅನ್ನಲ್ಲ. ಕೂಗಿದ ತಕ್ಷಣ ಕೈ ಹಾಕು. ಅಪ್ಪನ ಕಾನೂನು ಅಲ್ಲಿಗೆ ಮುಗೀತು."

ಎಸೆದೆ. ಚೆಂಡು ನೆಲಕ್ಕೆ ಬಡಿದು ಎದ್ದಿತು. ಕೈ ಬೆನ್ನ ಹಿಂದೆಯೇ ಇತ್ತು. "ತೊಂಬತ್ತು!" ಎಂದಳು, ಹಿಂದಿನಿಂದ ಕೈ ಬಂತು, ಗಿಡದಿಂದ ಹಣ್ಣು ಕಿತ್ತ ಹಾಗೆ ಚೆಂಡನ್ನು ಕಿತ್ತುಕೊಂಡಳು. ಆಮೇಲೆ ನಾವು ಮೂವರೂ ಕುಣಿದ ಕುಣಿತಕ್ಕೆ ಹಲ್ಲಿನ ಡಾಕ್ಟರ ಇನ್ನೊಂದು ಬೆರಳೂ ಹೋಯಿತು.

ಸ್ಪೋರ್ಟ್ಸ್ ಡೇ ಹೊತ್ತಿಗೆ ಬುಗುರಿ ಟೆನಿಸ್ ಚೆಂಡು, ಬ್ಯಾಸ್ಕೆಟ್‌ಬಾಲು, ಟೀಯಲ್ಲಿ ಬೇಯಿಸಿದ ಸ್ಕ್ವಾಷ್ ಚೆಂಡು ಎಲ್ಲವನ್ನೂ ಅಂಕಿ ಹೇಳಿ ಹೇಳಿ ಹಿಡಿಯುತ್ತಿದ್ದಳು. ಅಳಿಯನೂ ತಳ್ಳುವುದನ್ನು ಕಲಿತಿದ್ದ. ಪ್ರತಿ ಸಲ ತಳ್ಳಿದ ಮೇಲೂ ಮುಖದಲ್ಲಿ ಒಂದು ತಪ್ಪಿತಸ್ಥ ಕಳೆ ಬರುತ್ತಿತ್ತು, ಅಷ್ಟೆ.

ಮೈದಾನದ ಒಂದು ಬದಿಗೆ ಟೆಂಟು ಹಾಕಿ, ಬಿಳಿ ಬಟ್ಟೆ ಹೊದಿಸಿದ ಮೇಜಿನ ಹಿಂದೆ ಹೆಡ್‌ಮಿಸ್ಸು ಕೂತಿದ್ದರು. ಆಟದ ಮೇಷ್ಟ್ರು ಕುತ್ತಿಗೆಗೆ ಪೀಪಿ ನೇತುಹಾಕಿಕೊಂಡು, ನೆಲದ ಮೇಲೆ ಸುಣ್ಣದಲ್ಲಿ ಒಂದು ದೊಡ್ಡ ಸುತ್ತು ಎಳೆದು, ಬಟ್ಟೆ ಮುಚ್ಚಿದ ಒಂದು ಬುಟ್ಟಿ ತಂದಿಟ್ಟರು. ಬುಟ್ಟಿಯಲ್ಲಿ ಬಗೆಬಗೆಯ ಚೆಂಡುಗಳು. ದೊಡ್ಡವರು ನೋಡದೆ ಕೈ ಹಾಕಿ ಒಂದನ್ನು ತೆಗೆಯಬೇಕು, ಅದನ್ನು ಸುತ್ತಿನೊಳಗೆ ಪುಟಿಸಬೇಕು, ಮಗು ಹಿಡಿಯಬೇಕು. ಜೋಡಿಗೆ ಮೂರು ಚೆಂಡು. ನಲ್ಲಿಯ ಪಕ್ಕ ಬ್ಯಾಗುಗಳ ಗುಡ್ಡೆ ಆಗಲೇ ಬಿದ್ದಿತ್ತು. ಉದ್ದಜಡೆ ಮೊದಲ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದಳು. ನಿಜವಾಗಿಯೂ ಬಹಳ ಉದ್ದದ ಜಡೆ.

ನಮ್ಮವರ ಸರದಿ ಬಂತು. ಅಳಿಯ ಬುಟ್ಟಿಗೆ ಕೈ ಹಾಕಿದ. ಪಿಂಗ್‌ಪಾಂಗ್ ಚೆಂಡು. ಅವನ ಮುಖ ಅರಳಿತು, ಅದರ ಅಂಕಿ ಅವನಿಗೆ ಬಾಯಿಪಾಠ. ಎಸೆದ, ಅದು ಸುತ್ತಿನೊಳಗೆ ಅಚ್ಚುಕಟ್ಟಾಗಿ ಪುಟಿಯಿತು, ಬುಗುರಿ "ಇಪ್ಪತ್ತ..." ಎನ್ನುವಷ್ಟರಲ್ಲಿ ಗಾಳಿ ಒಂದು ಬೀಸಿತು. ಚೆಂಡು ಪಕ್ಕಕ್ಕೆ ತಿರುಗಿ ಯಾರದೋ ಹ್ಯಾಟಿನೊಳಗೆ ಹೋಗಿ ಕೂತಿತು.

"ಪರೀಕ್ಷೆ ಕೋಣೇಲಿ ಗಾಳಿ ಇರಲ್ಲ ಅತ್ತೆ" ಎಂದು ಅವನು ನನ್ನ ಕಡೆ ತಿರುಗಿ ಗೋಗರೆದ. ನಾನೇನು ಮಾಡಲಿ, ಗಾಳಿಯನ್ನು ಬಸ್ಸಿನಿಂದ ಇಳಿಸಲೇ?

ಎರಡನೆಯದು ಸ್ಕ್ವಾಷ್ ಚೆಂಡು. ನೆರಳಲ್ಲಿದ್ದು ತಣ್ಣಗೆ ಕೊರೆಯುತ್ತಿತ್ತು. ಅವನು ಅಂಗೈಯಲ್ಲಿ ಉಜ್ಜಿದ, ಊದಿದ, ಕೊನೆಗೆ ಶರ್ಟಿನೊಳಗೆ ಕೈ ತೂರಿಸಿ ಕಂಕುಳಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟ.

"ಸಾರ್, ಚೆಂಡನ್ನ ಕಂಕುಳಿಂದ ತೆಗೀರಿ" ಎಂದರು ಆಟದ ಮೇಷ್ಟ್ರು.

"ಸ್ವಲ್ಪ ತಡೀರಿ ಸಾರ್, ಬೆಚ್ಚಗಾಗ್ತಾ ಇದೆ."

"ಏನು ಮರಿ ಮಾಡಿಸ್ತೀರಾ? ತೆಗೀರಿ ಸಾರ್!"

ನಾನು ಸುಮ್ಮನಿರಲಾಗದೆ ನುಗ್ಗಿದೆ. "ಕಂಕುಳಲ್ಲಿ ಇಡಬಾರದು ಅಂತ ನಿಮ್ಮ ರೂಲ್ಸಲ್ಲಿ ಎಲ್ಲಿದೆ ತೋರಿಸ್ರಿ!" ಮೇಷ್ಟ್ರು ಪೀಪಿ ಊದಿದರು. ನನ್ನ ಮೇಲೇ ಪೀಪಿ! ನನ್ನ ಸರ್ವೀಸಿನಲ್ಲಿ ಸೀಟಿ ಊದುತ್ತಿದ್ದವಳು ನಾನು. ಆದರೆ ಅಷ್ಟರಲ್ಲಿ ಅಳಿಯ ಗಾಬರಿಯಾಗಿ ಎಸೆದುಬಿಟ್ಟಿದ್ದ. 'ತುಪ್.' ಅದು ಪಾದದ ಗಂಟಿನಷ್ಟು ಎದ್ದಿತು. ಬುಗುರಿ "ಹನ್ನೊಂದು!" ಎಂದು ಕೂಗಿ ಮುಂದಕ್ಕೆ ಹಾರಿ ಮುಖ ಅಡಿಯಾಗಿ ಬಿದ್ದಳು. ಅಷ್ಟರಲ್ಲಿ ಚೆಂಡು ಮತ್ತೆ ನೆಲ ಮುಟ್ಟಿಯಾಗಿತ್ತು.

ಜನ ನಕ್ಕರು. ಉದ್ದಜಡೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಆ ಕಡೆ ತಿರುಗಿಕೊಂಡಳು. ಬುಗುರಿ ಎದ್ದು ಮೊಣಕಾಲಿನ ಮಣ್ಣು ಒರೆಸಿಕೊಂಡಳು. ಅವಳು ಅಳಲಿಲ್ಲ, ನಲ್ಲಿಯ ಕಡೆ ಒಂದು ಸಲ ನೋಡಿದಳು ಅಷ್ಟೆ.

ಅಳಿಯನೂ ಅದನ್ನು ನೋಡಿದ. ನನ್ನ ಹತ್ತಿರ ಬಂದು ಬಹಳ ಮೆಲ್ಲಗೆ ಹೇಳಿದ: "ನಾನೂ ಸ್ಕೂಲಲ್ಲಿ ಬ್ಯಾಗೇ ಕಾಯ್ತಿದ್ದೆ ಅತ್ತೆ. ಮೊದಮೊದಲು ಬೇಜಾರಾಗುತ್ತೆ. ಆಮೇಲೆ ಅಭ್ಯಾಸ ಆಗೋಗುತ್ತೆ."

ಬೈಯಲು ಒಂದೇ ಒಂದು ಮಾತು ಬಾಯಿಗೆ ಬರಲಿಲ್ಲ. "ಇನ್ನೊಂದು ಇದೆ, ತೆಗೀರಿ" ಎಂದೆ.

ಅವನು ಬುಟ್ಟಿಗೆ ಕೈ ಹಾಕಿದ. ಒಳಗೆ ತಡಕಾಡಿದ. ಅವನ ಹಣೆ ಗಂಟಿಕ್ಕಿತು. ಕೈ ಹೊರಗೆ ಬಂದಾಗ ಅದರಲ್ಲಿ ಎರಡೂ ಕಡೆ ಚೂಪಾದ, ಹೊಟ್ಟೆ ಉಬ್ಬಿದ, ಮೊಟ್ಟೆಯ ಆಕಾರದ ಒಂದು ಪದಾರ್ಥ ಇತ್ತು. ರಗ್ಬಿ ಚೆಂಡಂತೆ.

"ಇದು ಚೆಂಡಾ? ಚೆಂಡಾ ಇದು? ಸೌತೆಕಾಯಿ ತಂದಿಟ್ಟು ಮಕ್ಕಳ ಜೊತೆ ಆಟ ಆಡ್ತೀರಾ?" ನನಗೆ ಮಾತು ವಾಪಸ್ ಬಂದಿತ್ತು.

"ಬುಟ್ಟೀಲಿ ಏನ್ ಬಂತೋ ಅದೇ ಅಮ್ಮಾ" ಎಂದರು ಮೇಷ್ಟ್ರು, ಪೀಪಿಯನ್ನು ನನ್ನಿಂದ ದೂರ ಹಿಡಿದುಕೊಂಡು.

ಅಳಿಯ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ನಮ್ಮಲ್ಲಿ ಇದನ್ನ ಮಾಡೋದೇ ಇಲ್ಲ. ಇದಕ್ಕೆ ಅಂಕಿ ಇಲ್ಲ ಅತ್ತೆ. ತುದಿ ತಾಗಿದ್ರೆ ಒಂದು ಕಡೆ, ಹೊಟ್ಟೆ ತಾಗಿದ್ರೆ ಇನ್ನೊಂದು ಕಡೆ. ಎಲ್ಲಿಗೆ ಹಾರುತ್ತೆ ಅಂತ ಯಾರೂ ಹೇಳೋಕಾಗಲ್ಲ." ಇಷ್ಟು ಹೇಳಿ ಅವನು ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ನೇರ ಮಗಳ ಹತ್ತಿರ ಹೋದ, ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಬುಗುರಿ, ಇದು ಎಲ್ಲಿಗೆ ಹೋಗುತ್ತೋ ಅಪ್ಪಂಗೂ ಗೊತ್ತಿಲ್ಲ."

"ಎಷ್ಟು ಅಂತ ಕೂಗ್ಲಾ?"

"ಕೂಗ್ಬೇಡ. ಓಡು."

"ನಿಂತ ಮೇಲೆ ಹಿಡೀಲಾ?"

"ಕಾಯ್ಬೇಡ. ಏಳ್ತಾ ಇದ್ರೂ ಮುಟ್ಟು. ಎಲ್ಲಿ ಸಿಕ್ಕಿದ್ರೆ ಅಲ್ಲಿ ಮುಟ್ಟು."

ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಬುಗುರಿ ಅಪ್ಪನನ್ನು ಬಾಯಿ ತೆರೆದು ನೋಡಿದಳು. ಅವನು ತನ್ನ ಜಾಗಕ್ಕೆ ವಾಪಸ್ ಬಂದು, ಎರಡು ಕೈಯಲ್ಲೂ ಆ ಸೌತೆಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿ, ಹುಟ್ಟಿದಾಗಿನಿಂದ ಕೂಡಿಟ್ಟುಕೊಂಡಿದ್ದ ಬಲವನ್ನೆಲ್ಲ ಹಾಕಿ ನೆಲಕ್ಕೆ ಬೀಸಿದ.

ತುದಿ ತಾಗಿತು. ಚೆಂಡು ಮುಂದಕ್ಕೂ ಹೋಗಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಓರೆಯಾಗಿ ಎಡಕ್ಕೆ, ಟೆಂಟಿನ ಕಡೆ, ಪಲ್ಟಿ ಹೊಡೆಯುತ್ತ ಹೋಯಿತು. ಬುಗುರಿ ಓಡಿದಳು. ಕೈ ಬೆನ್ನ ಹಿಂದೆ ಇರಲಿಲ್ಲ, ಎರಡೂ ಮುಂದೆ ಚಾಚಿದ್ದವು. ಹೆಡ್‌ಮಿಸ್ಸು ಎದ್ದು ನಿಂತರು, ಯಾಕೆ ಎದ್ದರೋ. ಇವಳು ಹಾರಿ ಚೆಂಡನ್ನು ಹೊಟ್ಟೆಗೆ ಅಪ್ಪಿಕೊಂಡು, ಅದೇ ವೇಗದಲ್ಲಿ ಮೇಜಿಗೆ ಢಿಕ್ಕಿ ಹೊಡೆದಳು. ಬಿಳಿ ಬಟ್ಟೆ, ನೀರಿನ ಜಗ್ಗು, ಹೂಗುಚ್ಛ, ಹೆಡ್‌ಮಿಸ್ಸು, ಬುಗುರಿ, ಎಲ್ಲ ಒಂದೇ ರಾಶಿಯಾಯಿತು. ಮೇಷ್ಟ್ರು ಓಡಿ ಹೋಗಿ ಬಟ್ಟೆ ಎತ್ತಿ ನೋಡಿದರು. ಚೆಂಡು ಅವಳ ತೋಳಿನಲ್ಲೇ ಇತ್ತು.

"ಕ್ಯಾಚ್!" ಎಂದರು.

ನಾನು ಕಿರುಚಿದ ಕಿರುಚಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬಸ್ಸು ನಿಂತಿತು, ಬೇಕಾದರೆ ನಂಬಿ. ಕಣ್ಣೀರು ಒರೆಸಿಕೊಂಡು ತಿರುಗಿ ನೋಡಿದರೆ ಅಳಿಯ ಸುಣ್ಣದ ಸುತ್ತಿನ ಪಕ್ಕ ಎರಡು ಅಂಗೈಯಲ್ಲೂ ಮುಖ ಮುಚ್ಚಿಕೊಂಡು ನಿಂತಿದ್ದ. ಕೆಲಸಕ್ಕೆ ಸೇರಿದಾಗಿನಿಂದ ಒಂದು ಚೆಂಡಿನಿಂದಲೂ ಕಣ್ಣು ತೆಗೆಯದ ಮನುಷ್ಯ ಅವನು.

"ಅತ್ತೆ, ಬಿದ್ದೋಯ್ತಾ?" ಬೆರಳುಗಳ ಹಿಂದಿನಿಂದ ಧ್ವನಿ ಬಂತು.

ನಾನು ಅವನ ಎರಡು ಕೈಯನ್ನೂ ಹಿಡಿದು ಕೆಳಗೆಳೆದೆ. "ಕಣ್ಣು ಬಿಡೋ ಬೆಪ್ಪೇ! ಹಿಡಿದ್ಲು ಕಣೋ. ನೋಡು ನಿನ್ನ ಮಗಳನ್ನ!"

ಅವನು ನೋಡಿದ. ಉದ್ದಜಡೆ ಬುಗುರಿಯ ಕೈ ಹಿಡಿದು ಎಳೆದುಕೊಂಡು ಮೈದಾನದ ಆ ಮೂಲೆಗೆ ಓಡುತ್ತಿದ್ದಳು. ಹಿಂದೆ ಇಡೀ ಟೀಮು. ನಮ್ಮ ಹುಡುಗಿಯ ಫ್ರಾಕಿನಿಂದ ಹೆಡ್‌ಮಿಸ್ಸಿನ ಜಗ್ಗಿನ ನೀರು ತೊಟ್ಟಿಕ್ಕುತ್ತಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು. ಅವರು ಆಗಲೇ ಎರಡು ಗುಂಪಾಗಿ ನಿಂತು, ಯಾವುದೋ ಕಾರಣಕ್ಕೆ ಜಗಳ ಶುರುಮಾಡಿದ್ದರು. ಇವಳೂ ಕೈ ಬೀಸಿ ಜಗಳವಾಡುತ್ತಿದ್ದಳು. ಆಮೇಲೆ ಅಲ್ಲಿಂದಲೇ ನಮ್ಮ ಕಡೆ ತಿರುಗಿ ಕೂಗಿದಳು.

"ಅಪ್ಪಾ, ಬಾ! ನಮ್ಮ ಕಡೆ ಒಬ್ರು ಕಮ್ಮಿ!"

ಅಳಿಯ ಕದಲಲಿಲ್ಲ. ಹಿಂದೆ ಯಾರನ್ನಾದರೂ ಕರೆಯುತ್ತಿದ್ದಾಳೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಅವನ ಕಣ್ಣು ನಲ್ಲಿಯ ಪಕ್ಕದ ಗುಡ್ಡೆಯ ಕಡೆ ಹೋಯಿತು.

"ಬ್ಯಾಗ್ ಹತ್ರ ಯಾರೂ ಇಲ್ವಲ್ಲ ಅತ್ತೆ..."

ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಲ್ಲಿಯ ಹತ್ತಿರ ಹೋಗಿ, ಆ ಗುಡ್ಡೆಯ ಪಕ್ಕ ಕಾಲು ಚಾಚಿ ಕೂತೆ.

"ಹೋಗೋ, ಕರೀತಿದ್ದಾರೆ ನಿನ್ನ. ಬ್ಯಾಗ್ ನಾನು ಕಾಯ್ತೀನಿ."